ಪದ ಪರಿಚಯ: ಪರ್ಮನೆಂಟ್ ವೇ ಇನ್ಸ್‌ಪೆಕ್ಟರ್

ಮದುವೆಯ ಬಯೋಡೇಟಾ ಒಂದರಲ್ಲಿ ಮತ್ತೆ ಅದೇ ಸಾಲು: ‘ವರ ರೈಲ್ವೆಯಲ್ಲಿ ಪರ್ಮನೆಂಟ್ ಇನ್ಸ್‌ಪೆಕ್ಟರ್, ಬೆಳಗಾವಿ’. ಹುಡುಗನ ಹುದ್ದೆ ಪಿಡಬ್ಲ್ಯುಐ, ಅಂದರೆ ಪರ್ಮನೆಂಟ್ ವೇ ಇನ್ಸ್‌ಪೆಕ್ಟರ್. ಬರೆದವರು ‘ಪರ್ಮನೆಂಟ್’ ಅನ್ನು ನೌಕರಿಗೆ ಅಂಟಿಸಿ, ನಡುವಿನ ‘ವೇ’ಯನ್ನು ನುಂಗಿಬಿಟ್ಟಿದ್ದಾರೆ. ನೌಕರಿ ಕಾಯಂ ಇದ್ದರೆ ಸಂತೋಷವೇ. ಆದರೆ ಈ ಹೆಸರಿನಲ್ಲಿ ಕಾಯಂ ಆಗಿರುವುದು ಹಾದಿ, ಇನ್ಸ್‌ಪೆಕ್ಟರ್ ಅಲ್ಲ.

ರೈಲು ಹಾದಿ ಕಟ್ಟಲು ಶುರು ಮಾಡಿದ ಕಾಲದಲ್ಲಿ ಇಂಗ್ಲೆಂಡಿನ ಗುತ್ತಿಗೆದಾರರು ಮೊದಲು ಹಗುರ ಹಳಿ ಹಾಸಿಕೊಳ್ಳುತ್ತಿದ್ದರು. ಗುಡ್ಡ ಕಡಿದ ಮಣ್ಣು, ಕಲ್ಲು ಸಾಗಿಸಲಿಕ್ಕೆ ಅದು ಬೇಕಿತ್ತು. ಕುದುರೆಯೋ ಆಳೋ ಡಬ್ಬಿ ಎಳೆದರೆ ಸಾಕು. ಮಣ್ಣಿನ ಏರಿ ಸಿದ್ಧವಾದ ಮೇಲೆ ಅದನ್ನು ಕಿತ್ತು, ನಿಜವಾದ ಗಾಡಿಯ ಭಾರ ತಡೆಯುವ ಹಳಿ ಕೂಡಿಸುತ್ತಿದ್ದರು. ಮೊದಲನೆಯದು ಟೆಂಪರರಿ ವೇ, ಆಮೇಲಿನದು ಪರ್ಮನೆಂಟ್ ವೇ. ಹಳಿ, ಅದರ ಕೆಳಗೆ ಅಡ್ಡಲಾಗಿ ಇಡುವ ತೊಲೆ ಅಂದರೆ ಸ್ಲೀಪರ್, ಎರಡನ್ನೂ ಬಿಗಿಯುವ ಕ್ಲಿಪ್ಪು, ಕೆಳಗೆ ಹಾಸಿದ ಖಡಿ ಅಂದರೆ ಜಲ್ಲಿಕಲ್ಲು, ಎಲ್ಲಾ ಸೇರಿದರೆ ಪರ್ಮನೆಂಟ್ ವೇ. ರೈಲ್ವೆಯವರು ಚಿಕ್ಕದಾಗಿ ‘ಪಿ.ವೇ’ ಅನ್ನುತ್ತಾರೆ.

ಹಾಗಂತ ಒಮ್ಮೆ ಹಾಸಿದ ಹಾದಿ ಕದಲುವುದೇ ಇಲ್ಲ ಅಂತಲೂ ತಿಳಿಯಬೇಡಿ. ಗದಗ–ಹೊಟಗಿ ಹಾದಿಯನ್ನು ಸದರ್ನ್ ಮರಾಠಾ ರೈಲ್ವೆ ಕಂಪನಿ 1880ರ ದಶಕದಲ್ಲಿ ಹಾಸಿದಾಗ ಹಳಿಗಳ ನಡುವಿನ ಅಂತರ 1000 ಮಿಲಿಮೀಟರ್. ಬಾಗಲಕೋಟೆ, ವಿಜಯಪುರ ಎರಡೂ ಇದೇ ಹಾದಿಯಲ್ಲಿವೆ. ಈಗ ಅಲ್ಲಿರುವುದು 1676 ಮಿಲಿಮೀಟರಿನ ಬ್ರಾಡ್‌ಗೇಜ್. ಆಗಿನ ಪರ್ಮನೆಂಟ್ ವೇಯಲ್ಲಿ ಒಂದು ಮೊಳೆಯೂ ಉಳಿದಿರಲಿಕ್ಕಿಲ್ಲ. ಹೆಸರು ಮಾತ್ರ ಉಳಿದಿದೆ.

ಕೀಮನ್ ಪದದ್ದೂ ಇದೇ ಕಥೆ. ಕೀಮನ್ ಅಂದರೆ ಗೇಟಿನ ಬೀಗದ ಕೈ ಇಟ್ಟುಕೊಂಡವನು ಅಂತ ತಿಳಿದವರು ಬಹಳ. ಹಳೇ ಸ್ಲೀಪರಿನಲ್ಲಿ ಹಳಿಯನ್ನು ಬಿಗಿಯಲು ಬಡಿಯುತ್ತಿದ್ದ ಬೆಣೆಗೆ ‘ಕೀ’ ಅನ್ನುತ್ತಿದ್ದರು. ಸಡಿಲಾದ ಕೀಗಳನ್ನು ಸುತ್ತಿಗೆಯಿಂದ ಬಡಿಯುತ್ತಾ ದಿನಾ ತನ್ನ ಪಾಲಿನ ಹಾದಿ ನಡೆಯುವವನು ಕೀಮನ್. ಕಾಂಕ್ರೀಟ್ ಸ್ಲೀಪರ್ ಬಂದು ಕೀ ಹೋಗಿ ಕ್ಲಿಪ್ಪಾಯಿತು. ಕೀಮನ್ ಮಾತ್ರ ಕೀಮನ್ ಆಗಿಯೇ ಇದ್ದಾನೆ.

ಪಿಡಬ್ಲ್ಯುಐ ಹೆಸರನ್ನೂ ಕಾಗದದ ಮೇಲೆ ಬದಲಾಯಿಸಿ ಬಹಳ ದಿನ ಆಯ್ತು. ಈಗ ಅವರು ಸೀನಿಯರ್ ಸೆಕ್ಷನ್ ಇಂಜಿನಿಯರ್, ಪಿ.ವೇ. ಹಳಿ ಕೆಲಸದ ಆಳುಗಳ, ಅಂದರೆ ಗ್ಯಾಂಗಿನವರ ಬಾಯಲ್ಲಿ ಇನ್ನೂ ‘ಪಿಡಬ್ಲ್ಯುಐ ಸಾಹೇಬ್ರು’.

ಇನ್ನು ‘ಇನ್ಸ್‌ಪೆಕ್ಟರ್’. ‘ಹಳಿ ತಪಾಸಣೆ ಮಾಡುವವರು’ ಅಂತ ಒಂದೇ ಸಾಲಿನಲ್ಲಿ ಮುಗಿಸುವುದು ಕಂಡರೆ ಬೇಜಾರಾಗುತ್ತದೆ. ಶಾಲೆಗೆ ಬಂದ ಇನ್ಸ್‌ಪೆಕ್ಟರು ಕಂಡ ತಪ್ಪನ್ನು ಬರೆದಿಟ್ಟು ಸಹಿ ಹಾಕಿ ಹೊರಟುಬಿಡಬಹುದು. ಪಿಡಬ್ಲ್ಯುಐಗೆ ಆ ಸುಖ ಇಲ್ಲ. ತಪ್ಪು ಹುಡುಕುವವರೂ ಅವರೇ, ಗ್ಯಾಂಗ್ ಕರೆದುಕೊಂಡು ಹೋಗಿ ಸರಿ ಮಾಡಿಸುವವರೂ ಅವರೇ. ಸರಿಯಾಗುವವರೆಗೆ ಗಾಡಿ ನಿಧಾನ ಹೋಗಬೇಕೋ, ನಿಂತೇಬಿಡಬೇಕೋ ಅಂತ ಅಲ್ಲೇ ನಿಂತು ಹೇಳಬೇಕಾದವರೂ ಅವರೇ.

ನೋಡುವುದೂ ಸುಮ್ನೆ ಕಣ್ಣಾಡಿಸುವುದಲ್ಲ. ಖಾನಾಪುರ ದಾಟಿ ಲೋಂಡಾ ಕಡೆ ಹೋಗುವಾಗ ಹಾದಿ ಬಳಸಿ ಬಳಸಿ ಹೋಗುತ್ತದಲ್ವಾ, ಅಂಥ ತಿರುವನ್ನು ಹೇಗೆ ನೋಡುತ್ತಾರೆ ಕೇಳಿ. 20 ಮೀಟರ್ ಉದ್ದದ ದಾರವನ್ನು ಹೊರಗಿನ ಹಳಿಯ ಒಳಮೈಗೆ ಹಚ್ಚಿ ಇಬ್ಬರು ಎರಡೂ ತುದಿ ಬಿಗಿಯಾಗಿ ಹಿಡಿಯುತ್ತಾರೆ. ಮೂರನೆಯವರು ನಟ್ಟನಡುವೆ ಕೂತು, ದಾರಕ್ಕೂ ಹಳಿಗೂ ನಡುವಿನ ಸಂದನ್ನು ಸ್ಕೇಲಿನಿಂದ ಅಳೆಯುತ್ತಾರೆ. ಇದಕ್ಕೆ ವರ್ಸೈನ್ ಅನ್ನುತ್ತಾರೆ. 1750 ಮೀಟರ್ ತ್ರಿಜ್ಯದ ತಿರುವಾದರೆ ಸಂದು ಸುಮಾರು 29 ಮಿಲಿಮೀಟರ್ ಬರಬೇಕು. ಅಲ್ಲಿಂದ 10 ಮೀಟರ್ ಮುಂದೆ ಸರಿದು ಮತ್ತೆ ದಾರ, ಮತ್ತೆ ಸ್ಕೇಲು. ಒಂದು ಕಡೆ 36, ಪಕ್ಕದಲ್ಲಿ 22 ಬಂತು ಅನ್ನಿ. ನೀವು ಬರ್ತ್ ಮೇಲೆ ಮಲಗಿದಾಗ ಗೋಡೆಗೆ ತಲೆ ಬಡಿಯುವುದು ಅಂಥಲ್ಲೇ. ‘ಡ್ರೈವರ್‌ಗೆ ಗಾಡಿ ಓಡಿಸಲಿಕ್ಕೆ ಬರಲ್ಲ’ ಅಂತ ಬೈಯುವ ಮೊದಲು ಇದನ್ನು ನೆನಪಿಡಿ. ರೈಲಿಗೆ ಸ್ಟೇರಿಂಗ್ ಇಲ್ಲ.

ವಿಜಯಪುರದ ಕಡೆ ತಿರುವಿನ ಕಾಟ ಕಡಿಮೆ, ಬಿಸಿಲಿನ ಕಾಟ ಜಾಸ್ತಿ. ಈಗಿನ ಹಳಿ ಬೆಸುಗೆ ಹಾಕಿದ ಉದ್ದನೆಯ ಹಳಿ. ಉಕ್ಕು ಕಾದರೆ ಉದ್ದವಾಗುತ್ತದೆ. 1 ಕಿಲೋಮೀಟರ್ ಹಳಿಯ ಕಾವು 40 ಡಿಗ್ರಿ ಏರಿದರೆ, ಬಿಟ್ಟುಕೊಟ್ಟರೆ ಅದು ಸುಮಾರು 46 ಸೆಂಟಿಮೀಟರ್ ಬೆಳೆಯುತ್ತದೆ. ಬಿಟ್ಟುಕೊಡುವುದಿಲ್ಲ, ಕ್ಲಿಪ್ಪು ಮತ್ತು ಖಡಿ ಹಿಡಿದಿಡುತ್ತವೆ. ಆ ಒತ್ತಡವೆಲ್ಲ ಹಳಿಯೊಳಗೇ ಕೂತಿರುತ್ತದೆ. ಖಡಿ ಕಡಿಮೆಯಾದ ಕಡೆ ಹಳಿ ಹಾವಿನ ಹಾಗೆ ಸೊಟ್ಟಗಾಗಿ ಪಕ್ಕಕ್ಕೆ ಚಿಮ್ಮುತ್ತದೆ. ಅದಕ್ಕೇ ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಪಿಡಬ್ಲ್ಯುಐ ಖಡಿ ಕೆದಕುವ ಕೆಲಸ ಹಿಡಿಯಗೊಡುವುದಿಲ್ಲ. ‘ರೈಲ್ವೆಯವರು ಮಧ್ಯಾಹ್ನ ಕೆಲಸಾನೇ ಮಾಡಲ್ಲ’ ಅನ್ನುವವರಿಗೆ ಇದನ್ನು ಯಾರಾದರೂ ಹೇಳಬೇಕು. ಚಳಿಗಾಲದಲ್ಲಿ ಉಲ್ಟಾ. ಹಳಿ ಕುಗ್ಗಲು ಜಗ್ಗುತ್ತದೆ, ನಸುಕಿನ ಥಂಡಿಗೆ ಬಿರಿಯುತ್ತದೆ. ಆಗ ರಾತ್ರಿ ಗಸ್ತು.

ಅದರ ಮೇಲೆ ನಮ್ಮ ಎರೆ ಮಣ್ಣು. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ. ಖಡಿಯನ್ನು ನುಂಗುತ್ತದೆ, ಕೆಸರನ್ನು ಮೇಲಕ್ಕೆ ಕಾರುತ್ತದೆ. ಒಂದು ಹಳಿ ತುಸು ತಗ್ಗಿತು ಅಂದರೆ ಮತ್ತೆ ಎತ್ತಿ ಖಡಿ ತುಂಬಬೇಕು. ಈ ಕೆಲಸ ಮುಗಿಯಿತು ಅನ್ನುವ ದಿನ ಬರುವುದಿಲ್ಲ.

ಉಳಿದ ಇನ್ಸ್‌ಪೆಕ್ಟರುಗಳನ್ನು ಬೇಗ ಮುಗಿಸೋಣ. ಟಿಕೆಟ್ ಕೇಳುವವರು ಟಿಸಿ ಅಥವಾ ಟಿಟಿಇ. ಅವರ ಮೇಲಿನವರು ಟಿಕೆಟ್ ಇನ್ಸ್‌ಪೆಕ್ಟರ್. ಲೋಕೋ ಇನ್ಸ್‌ಪೆಕ್ಟರ್ ಲೋಕೋ ಪೈಲಟ್ ಜೊತೆ ಇಂಜಿನಿನಲ್ಲಿ ಹೋಗಿ ಅವರ ಕೆಲಸ ನೋಡುವವರು. ಖಾಕಿ ತೊಟ್ಟವರು ರೈಲ್ವೆ ರಕ್ಷಣಾ ದಳದ, ಅಂದರೆ ಆರ್‌ಪಿಎಫ್ ಇನ್ಸ್‌ಪೆಕ್ಟರ್. ಪೇಪರಿನಲ್ಲಿ ಎಲ್ಲರೂ ಬರೀ ‘ರೈಲ್ವೆ ಇನ್ಸ್‌ಪೆಕ್ಟರ್’.

ಹೊಸ ಹಾದಿಗೆ ಪ್ರಯಾಣಿಕರ ಗಾಡಿ ಬಿಡುವ ಮೊದಲು ಬರುವ ‘ಸಿಆರ್‌ಎಸ್’ ಮತ್ತೆ ಬೇರೆಯೇ. ಅವರು ರೈಲ್ವೆ ಸುರಕ್ಷತಾ ಆಯುಕ್ತರು. 1961ರವರೆಗೆ ಅವರನ್ನು ಗೌರ್ಮೆಂಟ್ ಇನ್ಸ್‌ಪೆಕ್ಟರ್ ಆಫ್ ರೈಲ್ವೇಸ್ ಅನ್ನುತ್ತಿದ್ದರು. ‘ರೈಲ್ವೆ ಸಚಿವಾಲಯದ ಇನ್ಸ್‌ಪೆಕ್ಟರ್ ಬಂದಿದ್ದರು’ ಅಂತ ಬರೆಯುವುದು ಶುದ್ಧ ತಪ್ಪು. ಅವರು ಇರುವುದು ನಾಗರಿಕ ವಿಮಾನಯಾನ ಸಚಿವಾಲಯದ ಕೆಳಗೆ. ಹಾದಿ ಹಾಕಿದವರೇ ಹಾದಿ ಪಾಸು ಮಾಡಬಾರದು ಅಂತ ಹೀಗೆ ಇಟ್ಟಿದ್ದಾರೆ.

ಹಳಿ ಬಿರಿದದ್ದು ಕಣ್ಣಿಗೆ ಬಿದ್ದರೆ ಇದರಲ್ಲಿ ಯಾರಿಗೆ ಹೇಳೋದು? ಹತ್ತಿರದ ಗೇಟ್‌ಮನ್ ಅಥವಾ ಸ್ಟೇಷನ್ ಮಾಸ್ಟರ್‌ಗೆ ಹೇಳಿ. ಅವರು ಸಿಗದಿದ್ದರೆ ರೈಲ್ವೆ ಸಹಾಯವಾಣಿ 139ಕ್ಕೆ ಫೋನ್ ಮಾಡಿ. ‘ನಿಂಬಾಳ ದಾಟಿದ ಮೇಲೆ ಬೇವಿನ ಗಿಡದ ಹತ್ತಿರ’ ಅಂದರೆ ಯಾರಿಗೂ ಗೊತ್ತಾಗುವುದಿಲ್ಲ. ಹಳಿ ಪಕ್ಕದ ವಿದ್ಯುತ್ ಕಂಬದ ಮೇಲೆ ಕಿಲೋಮೀಟರ್ ಮತ್ತು ಕಂಬದ ನಂಬರ್ ಬರೆದಿರುತ್ತದೆ. ಅದನ್ನು ಓದಿ ಹೇಳಿ. ಪಿಡಬ್ಲ್ಯುಐ ನೇರ ಅಲ್ಲಿಗೇ ಬರುತ್ತಾರೆ.