ಬಾಳೆ ಮರವಲ್ಲ, ಅಣಬೆ ಗಿಡವೇ ಅಲ್ಲ

ಬಾಳೆಯ ಪಟ್ಟೆಗಳನ್ನು ಒಂದೊಂದಾಗಿ ಬಿಡಿಸುತ್ತಾ ಹೋಗಿ. ಎಲ್ಲೂ ಕಟ್ಟಿಗೆ ಸಿಗುವುದಿಲ್ಲ. ಕಾಂಡ ಅಂದುಕೊಂಡದ್ದೆಲ್ಲ ಒಂದರೊಳಗೊಂದು ಸುತ್ತಿಕೊಂಡ ಎಲೆಯ ಬುಡಗಳು. ನಿಜವಾದ ಕಾಂಡ ನೆಲದೊಳಗಿನ ಗೆಡ್ಡೆ. ಗೊನೆ ಬಿಡುವ ಹೊತ್ತಿಗೆ ಅದರಿಂದ ದಿಂಡು ಮೇಲೆ ಏರಿಬರುತ್ತದೆ, ಅಷ್ಟೆ. ಹಾಗಾಗಿ ಮನೆಯೆತ್ತರ ಬೆಳೆದರೂ ಬಾಳೆ ಮರವಲ್ಲ, ದೊಡ್ಡದೊಂದು ಮೆದು ಗಿಡ. ಬಿದಿರಿನ ಕಥೆಯೂ ಹೀಗೇ. ಅದು ಹುಲ್ಲು, ಭತ್ತ ಮತ್ತು ಗೋಧಿಯ ನೆಂಟ.

ಸುಮಾರು 2300 ವರ್ಷಗಳ ಹಿಂದೆ ಗ್ರೀಸಿನ ಥಿಯೋಫ್ರಾಸ್ಟಸ್ ಸಸ್ಯಗಳನ್ನು ಮರ, ಪೊದೆ, ಗಿಡ ಎಂದು ವಿಂಗಡಿಸಿದ್ದ. ಕಣ್ಣಿಗೆ ಕಂಡದ್ದನ್ನು ನಂಬಿದ, ತಪ್ಪೇನಿಲ್ಲ. ನಾವೂ ಇವತ್ತಿಗೂ ಹಾಗೇ ಮಾತಾಡುತ್ತೇವೆ ಅಲ್ವಾ? ಆದರೆ ಎತ್ತರ ನೋಡಿ ನೆಂಟಸ್ತನ ಹೇಳಲಾಗದು.

ಅಷ್ಟಕ್ಕೂ ಸಸ್ಯ ಅಂದರೆ ಏನು? ಹಸಿರಾಗಿರಬೇಕು, ಬಿಸಿಲಿನಿಂದ ತನ್ನ ಆಹಾರ ತಾನೇ ಮಾಡಿಕೊಳ್ಳಬೇಕು, ಜೀವಕೋಶಕ್ಕೆ ಸೆಲ್ಯುಲೋಸಿನ ಗೋಡೆ ಇರಬೇಕು. ಶಾಲೆಯಲ್ಲಿ ಕಲಿತದ್ದು ಇಷ್ಟು. ಅಣಬೆ ನೆಲದಿಂದ ಏಳುತ್ತದೆ, ಇದ್ದಲ್ಲೇ ಇರುತ್ತದೆ. ಆದರೆ ಅದರಲ್ಲಿ ಹಸಿರಿಲ್ಲ, ಅದರ ಕೋಶದ ಗೋಡೆಯಲ್ಲಿರುವುದು ಕೀಟಗಳ ಚಿಪ್ಪಿನಲ್ಲಿರುವ ಕೈಟಿನ್. 1969ರಲ್ಲಿ ಅಮೆರಿಕದ ವಿಜ್ಞಾನಿ ವಿಟೇಕರ್ ಜೀವಿಗಳನ್ನು ಹಂಚಿದ ತನ್ನ ಐದು ಸಾಮ್ರಾಜ್ಯಗಳ ಪಟ್ಟಿಯಲ್ಲಿ ಅಣಬೆಯೂ ಸೇರಿದ ಶಿಲೀಂಧ್ರಗಳಿಗೆ ಬೇರೆಯೇ ಮನೆ ಕೊಟ್ಟ. ಜೀನ್‌ಗಳನ್ನು ಕೇಳಿದರೆ ಅಣಬೆ ಗಿಡಗಳಿಗಿಂತ ಪ್ರಾಣಿಗಳಿಗೇ ಹತ್ತಿರ!

ಇದಕ್ಕೆ ತಿರುವುಮುರುವು ಕಸ್ಕ್ಯೂಟ ಎಂಬ ಬಳ್ಳಿ. ಹಳದಿ ದಾರದಂತೆ ಬೇರೆ ಗಿಡವನ್ನು ಸುತ್ತಿಕೊಂಡು ಅದರ ರಸ ಹೀರುತ್ತದೆ. ಎಲೆ ಇದೆಯೆಂದರೆ ಇದೆ, ಇಲ್ಲವೆಂದರೆ ಇಲ್ಲ. ಹಿಡಿತ ಸಿಕ್ಕ ಮೇಲೆ ಬೇರೂ ಒಣಗಿಹೋಗುತ್ತದೆ. ಹಾಗಿದ್ದೂ ಅದು ಸಸ್ಯವೇ. ಅದರ ಕುಲ ಸಿಹಿಗೆಣಸಿನದು. ದುಡಿದು ತಿನ್ನುವುದನ್ನು ಬಿಟ್ಟ ಮಾತ್ರಕ್ಕೆ ಕುಲ ಬದಲಾಗುವುದಿಲ್ಲ.

ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಸುಲಭದ ದಾರಿ ಹಿಡಿದ. ಹೆಚ್ಚಾಗಿ ಹೂವಿನ ಕೇಸರಗಳನ್ನು ಎಣಿಸಿಯೇ ಸಸ್ಯಗಳನ್ನು 24 ವರ್ಗಗಳಲ್ಲಿ ಹಂಚಿದ. ಎಣಿಸಲು ಬಂದರೆ ಸಾಕು, ಯಾರು ಬೇಕಾದರೂ ಗುರುತಿಸಬಹುದು. ಆದರೆ ಸಂಬಂಧವೇ ಇಲ್ಲದವು ಒಂದೇ ಸಾಲಿನಲ್ಲಿ ಕೂತವು. ಆ ವರ್ಗಗಳು ಹೋದವು, ಅವನ ಎರಡು ಪದದ ಹೆಸರಿಡುವ ಪದ್ಧತಿ ಉಳಿಯಿತು.

ಈಗ ನೋಡುವುದು ಒಳಗಿನ ಏರ್ಪಾಡನ್ನು. ಪಾಚಿಯಂತೆ ಹರಡುವ ಮಾಸ್‌ಗೆ ಸರಿಯಾದ ನೀರಿನ ಕೊಳವೆಗಳಿಲ್ಲ, ಅದಕ್ಕೇ ಅದು ಕುಳ್ಳು. ಜರೀಗಿಡಕ್ಕೆ ಕೊಳವೆ ಇದೆ, ಬೀಜವಿಲ್ಲ. ಎಲೆಯಡಿಯ ಕಂದು ಚುಕ್ಕೆಗಳು ರೋಗವಲ್ಲ, ಬೀಜದ ಬದಲು ಹೊಸ ಗಿಡ ಹುಟ್ಟಿಸುವ, ದೂಳಿನಂಥ ಬೀಜಕಗಳ ಚೀಲಗಳ ಗೊಂಚಲು. ಪೈನ್‌ಗೆ ಬೀಜವಿದೆ, ಅದನ್ನು ಮುಚ್ಚುವ ಹಣ್ಣಿಲ್ಲ. ಇಂಥ ಬೆತ್ತಲೆ ಬೀಜದವು ಸುಮಾರು 1000 ಪ್ರಭೇದ. ಹೂ ಬಿಟ್ಟು ಬೀಜವನ್ನು ಹಣ್ಣಿನೊಳಗೆ ಇಡುವವು ಸುಮಾರು 3 ಲಕ್ಷ.

ಜೀನ್‌ಗಳನ್ನು ಓದಲು ಕಲಿತ ಮೇಲೆ ಹೂಗಿಡಗಳ ವಂಶಾವಳಿಯನ್ನೇ ತಿದ್ದಬೇಕಾಯಿತು. 1998ರಲ್ಲಿ ಹೊಸ ಪಟ್ಟಿ ಬಂತು. ನನಗೆ ಜಾಸ್ತಿ ಇಷ್ಟವಾದದ್ದು ತಾವರೆಯ ಸಂಗತಿ. ತಾವರೆ, ನೈದಿಲೆ ಎರಡೂ ಅಕ್ಕತಂಗಿಯರಂತೆ ಒಂದೇ ಕೆರೆಯಲ್ಲಿ ಅರಳುತ್ತವೆ, ಆದರೆ ಅವು ದೂರದ ನೆಂಟರೂ ಅಲ್ಲ ಅನ್ನುವಷ್ಟು ದೂರ. ತಾವರೆಯ ಹತ್ತಿರದ ಬಂಧುಗಳು ನೆಲದ ಮೇಲೆ ನಿಂತ, ಕಾಶ್ಮೀರದ ಚಿನಾರ್‌ನಂಥ ಪ್ಲೇನ್ ಮರಗಳು! ಗುರುತಿಗೆ ಎಲೆ ನೋಡಿ: ತಾವರೆ ಎಲೆ ಪೂರ್ತಿ ದುಂಡಗೆ, ತೊಟ್ಟು ನಡುವಿಗೆ. ನೈದಿಲೆಯ ಎಲೆಗೆ ಅಂಚಿನಿಂದ ತೊಟ್ಟಿನವರೆಗೆ ಒಂದು ಸೀಳು.