ಗಿಣ್ಣು ಹೇಳುವ ಕಥೆ, ಕೆಚ್ಚಲಿನಲ್ಲಿ ಹುಟ್ಟುವ ಔಷಧ

ಹಾಸನ ಜಿಲ್ಲೆಯ ಚನ್ನರಾಯಪಟ್ಟಣದ ಕಡೆ ಹಸು ಕರು ಹಾಕಿದರೆ ಅಕ್ಕಪಕ್ಕದ ಮನೆಗಳಿಗೆ ಗಿಣ್ಣು ಹೋಗಲೇಬೇಕು. ಮೊನ್ನೆ ಪಕ್ಕದ ಮನೆಯ ಅಜ್ಜಿ ಒಂದು ತಟ್ಟೆ ತಂದುಕೊಟ್ಟರು. ಬೆಲ್ಲ, ಏಲಕ್ಕಿ ಬೆರೆಸಿ ಹಬೆಯಲ್ಲಿ ಬೇಯಿಸಿದ ಗಿಣ್ಣು. ಚಾಕು ಇಳಿಸಿದರೆ ಚೌಕವಾಗಿ ಕೊಯ್ದುಕೊಂಡಿತು, ಕೊಯ್ದ ಬದಿಯಲ್ಲಿ ಸಾಸಿವೆ ಗಾತ್ರದ ತೂತುಗಳು. ಹೆಪ್ಪು ಹಾಕದೆ ಹಾಲು ಹೀಗೆ ಗಟ್ಟಿಯಾಗುವುದು ಹೇಗೆ?

ಕರುವಿಗೆ ತಾಯಿಯ ಗರ್ಭದಲ್ಲಿ ಪ್ರತಿಕಾಯಗಳು, ಅಂದರೆ ರೋಗ ತಡೆಯುವ ಪ್ರೋಟೀನುಗಳು, ಸಿಗುವುದಿಲ್ಲ. ಹುಟ್ಟಿದ ಮೇಲೆ ಗಿಣ್ಣುಹಾಲಿನಿಂದಲೇ ಸಿಗಬೇಕು. ತಾಯಿಯ ರಕ್ತದಿಂದ ಕೆಚ್ಚಲಿಗೆ ಇಳಿದ ಆ ಪ್ರೋಟೀನುಗಳು ಬಿಸಿ ತಾಗಿದರೆ ಮೊಟ್ಟೆಯ ಬಿಳಿಯಂತೆ ಗಟ್ಟಿಯಾಗುತ್ತವೆ. ಡೇರಿಯಲ್ಲಿ ಗಿಣ್ಣುಹಾಲನ್ನು ಹಾಕಿಸಿಕೊಳ್ಳದಿರುವುದೂ ಇದಕ್ಕಾಗಿಯೇ, ಕಾಯಿಸಿದರೆ ಒಡೆಯುತ್ತದೆ.

ಕೆಲವು ದಿನ ಕಳೆದ ಮೇಲೆ ಬರುವ ಮಾಮೂಲಿ ಹಾಲಿನ ಕಥೆ ಬೇರೆ. ಅದರ ಮುಖ್ಯ ಪ್ರೋಟೀನಾದ ಕೇಸಿನ್ ರಕ್ತದಿಂದ ಬಂದದ್ದಲ್ಲ, ಕೆಚ್ಚಲಿನ ಜೀವಕೋಶಗಳೇ ತಯಾರಿಸಿದ್ದು. ಲೀಟರ್ ಹಾಲಿನಲ್ಲಿ ಎಲ್ಲ ಸೇರಿ ಸುಮಾರು 32 ಗ್ರಾಂ ಪ್ರೋಟೀನ್. ಹುಲ್ಲು, ಹಿಂಡಿ, ನೀರು ಕೊಟ್ಟರೆ ದಿನಕ್ಕೆರಡು ಹೊತ್ತು ಇಷ್ಟು ಪ್ರೋಟೀನ್ ಮಾಡಿಕೊಡುವ ಯಂತ್ರವನ್ನು ಮನುಷ್ಯ ಇನ್ನೂ ಕಟ್ಟಿಲ್ಲ ಎಂದೇ ನನ್ನ ನಂಬಿಕೆ. ಇಲ್ಲಿ ಮನುಷ್ಯನ ಪ್ರೋಟೀನನ್ನೂ ಮಾಡಿಸಬಹುದೇ ಎಂದು ವಿಜ್ಞಾನಿಗಳು ಯೋಚಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಕೇಸಿನ್‌ನ ಜೀನ್, ಅಂದರೆ ಅದನ್ನು ತಯಾರಿಸುವ ಸೂಚನೆಯಿರುವ ಡಿಎನ್ಎ ಭಾಗ, ಹಸುವಿನ ಕಿವಿಯಲ್ಲೂ ಇದೆ, ಬಾಲದಲ್ಲೂ ಇದೆ. ಕೆಲಸ ಮಾಡುವುದು ಕೆಚ್ಚಲಿನಲ್ಲಿ ಮಾತ್ರ. ಜೀನಿನ ಪಕ್ಕದಲ್ಲೇ ಕುಳಿತ, ಪ್ರಮೋಟರ್ ಎಂಬ ಡಿಎನ್ಎ ತುಣುಕು ಇದಕ್ಕೆ ಕಾರಣ. ಪಂಪ್‌ಸೆಟ್ ಇರುವವರಿಗೆ ಇದನ್ನು ವಿವರಿಸುವುದು ಸುಲಭ. ರಾತ್ರಿ ಯಾವ ಹೊತ್ತಿಗೆ ತ್ರೀ ಫೇಸ್ ಕರೆಂಟ್ ಬಂದರೂ ಆಟೋ ಸ್ಟಾರ್ಟರ್ ಮೋಟಾರನ್ನು ಓಡಿಸುತ್ತದೆ. ತನಗೆ ಜೋಡಿಸಿದ ಮೋಟಾರು ಯಾರದೆಂದು ಕೇಳುವುದಿಲ್ಲ. ಕರು ಹಾಕುವ ಹೊತ್ತಿನ ಹಾರ್ಮೋನುಗಳೇ ಕೆಚ್ಚಲಿನ ಕರೆಂಟು, ಪ್ರಮೋಟರ್ ಅದರ ಸ್ಟಾರ್ಟರ್. ಹಾಲಿನ ಜೀನಿನ ಸ್ಟಾರ್ಟರನ್ನು ಮನುಷ್ಯನ ಜೀನಿಗೆ ಜೋಡಿಸಿ, ಆಗಷ್ಟೇ ಫಲಿತವಾದ ಅಂಡಾಣುವಿನೊಳಕ್ಕೆ ಗಾಜಿನ ಸೂಜಿಯಿಂದ ಸೇರಿಸಿದರು. ನೂರು ಅಂಡಾಣುಗಳಲ್ಲಿ ಕೈಗೂಡುತ್ತಿದ್ದುದು ಬೆರಳೆಣಿಕೆಯಷ್ಟು.

1990ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಟ್ರೇಸಿ ಎಂಬ ಕುರಿಯ ಹಾಲಿನಲ್ಲಿ, ಶ್ವಾಸಕೋಶವನ್ನು ಕಾಯುವ ಮನುಷ್ಯ ಪ್ರೋಟೀನ್ ಲೀಟರಿಗೆ ಸುಮಾರು 35 ಗ್ರಾಂ ಸಿಕ್ಕಿತು. ನಮ್ಮ ಹಸುವಿನ ಹಾಲಿನ ಒಟ್ಟು ಪ್ರೋಟೀನಿಗಿಂತ ಆ ಒಂದೇ ಪ್ರೋಟೀನ್ ಹೆಚ್ಚು! ಆದರೂ ಅದು ಔಷಧವಾಗಿ ಮಾರುಕಟ್ಟೆಗೆ ಬರಲಿಲ್ಲ.

ಬಂದದ್ದು ಆಡಿನ ಹಾಲಿನ ಆಂಟಿಥ್ರಾಂಬಿನ್. ರಕ್ತ ಬೇಡದ ಕಡೆ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನ್ ಇದು. ಹುಟ್ಟಿನಿಂದಲೇ ಇದರ ಕೊರತೆ ಇರುವವರಿಗೆ ಹೆರಿಗೆ, ಶಸ್ತ್ರಚಿಕಿತ್ಸೆಯ ಸಮಯ ಪ್ರಾಣಾಪಾಯದ್ದು. ಇನ್ಸುಲಿನ್‌ನಂತೆ ಇದನ್ನೂ ಬ್ಯಾಕ್ಟೀರಿಯಾಗಳಿಂದ ಮಾಡಿಸೋಣವೆಂದರೆ, ಈ ಪ್ರೋಟೀನಿಗೆ ಅಂಟಿರಬೇಕಾದ ಸಕ್ಕರೆಯ ಸರಪಳಿಗಳನ್ನು ಅವು ಜೋಡಿಸಲಾರವು, ಕೆಚ್ಚಲು ಜೋಡಿಸುತ್ತದೆ. ಅಮೆರಿಕದ ಆಡುಗಳ ಹಾಲಿನಿಂದ ತೆಗೆದ ಆಟ್ರಿನ್ ಎಂಬ ಈ ಔಷಧಕ್ಕೆ 2006ರಲ್ಲಿ ಯುರೋಪ್, 2009ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟವು. ತಯಾರಕರ ಲೆಕ್ಕದಲ್ಲಿ, 90,000 ರಕ್ತದಾನಗಳಿಂದ ದೊರೆಯುವಷ್ಟು ಆಂಟಿಥ್ರಾಂಬಿನನ್ನು ಒಂದು ಆಡು ವರ್ಷದಲ್ಲಿ ಕೊಡುತ್ತಿತ್ತು.

ಆದರೆ ರಕ್ತದಿಂದ ಕೆಚ್ಚಲಿಗೆ ದಾರಿಯಿರುವಂತೆ ಕೆಚ್ಚಲಿನಿಂದ ರಕ್ತಕ್ಕೂ ಸೋರುವ ದಾರಿಯಿದೆ. ಕೆಂಪು ರಕ್ತಕಣಗಳನ್ನು ಹೆಚ್ಚಿಸುವ ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಮೊಲಗಳ ಹಾಲಿನಲ್ಲಿ ಮಾಡಿಸಲು ಹೋದಾಗ ಅವುಗಳ ದೇಹದಲ್ಲೇ ರಕ್ತಕಣಗಳು ಮಿತಿಮೀರಿದವು, ಮೊಲಗಳು ಬೇಗ ಸತ್ತವು. ನನ್ನನ್ನು ಕಾಡುವುದು ಇದು. ಯಾವ ಪ್ರೋಟೀನನ್ನು ಹಾಲಿಗಿಳಿಸಬಹುದು ಎಂಬುದಕ್ಕಿಂತ ಮೊದಲು, ಅದು ಸೋರಿದರೆ ಆ ಮೂಕಪ್ರಾಣಿಗೆ ಏನಾಗುತ್ತದೆ ಎಂದು ಕೇಳಬೇಕಿತ್ತು. ಆಂಟಿಥ್ರಾಂಬಿನ್ ಕೊಡುವ ಆಡುಗಳ ಆರೋಗ್ಯವನ್ನು ಹಲವು ತಲೆಮಾರುಗಳವರೆಗೆ ಪರೀಕ್ಷಿಸಿದ ಮೇಲೆಯೇ ಅಮೆರಿಕ ಒಪ್ಪಿಗೆ ಕೊಟ್ಟಿತು. ಆ ಆಡುಗಳ ಹಾಲನ್ನು ಯಾರೂ ಕುಡಿಯುವಂತಿರಲಿಲ್ಲ, ಮಾಂಸವನ್ನು ಯಾರೂ ತಿನ್ನುವಂತಿರಲಿಲ್ಲ. ಕರೆದ ಹಾಲಿನ ಕೊಬ್ಬು ತೆಗೆದು, ಮತ್ತೆ ಮತ್ತೆ ಸೋಸಿ, ಕೊನೆಗೆ ಉಳಿದದ್ದನ್ನು ಒಣಗಿಸಿದರೆ ಸಣ್ಣ ಗಾಜಿನ ಸೀಸೆಯ ತಳದಲ್ಲಿ ಒಂದಿಷ್ಟು ಬಿಳಿ ಪುಡಿ.