ಹೆರಿಗೆ ನೋವಿಗೆ ಇಂಜೆಕ್ಷನ್ ಹಾಕಿಸಿಕೊಂಡರೆ ಮಗು ಅಳುವುದಿಲ್ಲವೇ?

ಪ್ರಶ್ನೆ: ಚೊಚ್ಚಲ ಹೆರಿಗೆಗೆಂದು ತಂಗಿ ಶಿಡ್ಲಘಟ್ಟದ ನಮ್ಮ ಮನೆಗೆ ಬಂದಿದ್ದಾಳೆ. ನೋವು ತಡೆಯಲಾಗದಿದ್ದರೆ ಇಂಜೆಕ್ಷನ್ ಕೊಡುತ್ತೇವೆಂದು ಆಸ್ಪತ್ರೆಯಲ್ಲಿ ಹೇಳಿದ್ದಾರೆ. ಅದನ್ನು ಹಾಕಿಸಿಕೊಂಡರೆ ಮಗು ಹುಟ್ಟಿದ ಕೂಡಲೇ ಅಳುವುದಿಲ್ಲ ಎಂದು ನೆರೆಯವರು ಹೆದರಿಸುತ್ತಿದ್ದಾರೆ. ಇದು ನಿಜವೇ?

ಉತ್ತರ: ನೆರೆಯವರ ಮಾತಿನಲ್ಲಿ ಸ್ವಲ್ಪ ನಿಜವಿದೆ, ಆದರೆ ಅದು ಯಾವ ಔಷಧ, ಎಷ್ಟು ಪ್ರಮಾಣ, ಮುಖ್ಯವಾಗಿ ಯಾವ ಹೊತ್ತಿನಲ್ಲಿ ಕೊಟ್ಟರು ಎಂಬುದನ್ನು ಅವಲಂಬಿಸಿದೆ.

ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ನಮ್ಮ ಚಿಕ್ಕಬಳ್ಳಾಪುರ, ಕೋಲಾರದ ಕಡೆ ‘ನೋವಿನ ಇಂಜೆಕ್ಷನ್’ ಎಂಬ ಮಾತು ತದ್ವಿರುದ್ಧವಾದ ಎರಡು ಔಷಧಗಳಿಗೆ ಸಲ್ಲುತ್ತದೆ. ನೋವು ಬರಿಸಲು ಡ್ರಿಪ್‌ನಲ್ಲಿ ಬಿಡುವ ಆಕ್ಸಿಟೋಸಿನ್‌ಗೂ ಅದೇ ಹೆಸರು, ನೋವು ತಗ್ಗಿಸಲು ಸೊಂಟಕ್ಕೋ ತೊಡೆಗೋ ಚುಚ್ಚುವ ಮದ್ದಿಗೂ ಅದೇ ಹೆಸರು. ‘ಇಂಜೆಕ್ಷನ್ ಹಾಕಿದ ಮೇಲೆ ನೋವು ಇನ್ನೂ ಜಾಸ್ತಿಯಾಯಿತು’ ಎಂದು ಹೇಳುವ ಎಷ್ಟೋ ಹೆಂಗಸರು ಮೊದಲನೆಯದನ್ನು ಪಡೆದವರಾಗಿರುತ್ತಾರೆ.

ನಿಮ್ಮ ಪ್ರಶ್ನೆ ಎರಡನೆಯದರ ಬಗ್ಗೆ. ಪೆತಿಡಿನ್, ಟ್ರಮಡಾಲ್, ಪೆಂಟಜೋಸಿನ್ ಮುಂತಾದವು ಅಫೀಮಿನಿಂದ ದೊರೆಯುವ ಮಾರ್ಫೀನ್‌ನಂತೆಯೇ ಮೆದುಳು ಮತ್ತು ಬೆನ್ನುಹುರಿಯ ಮೇಲೆ ಕೆಲಸ ಮಾಡುವ ಒಪಿಯಾಯ್ಡ್ ಔಷಧಗಳು. ಪೆತಿಡಿನ್‌ಗೆ 1985ರ ಮಾದಕ ವಸ್ತು ಕಾಯ್ದೆಯಡಿ ಹೆಚ್ಚು ಬಿಗಿಯಾದ ನಿಯಂತ್ರಣವಿರುವುದರಿಂದ ಸಣ್ಣ ನರ್ಸಿಂಗ್ ಹೋಮ್‌ಗಳಲ್ಲಿ ಟ್ರಮಡಾಲ್ ಬಳಕೆಯೇ ಹೆಚ್ಚು. ನೋವು ನಿವಾರಣೆ ಬಯಸುವ ಆರೋಗ್ಯವಂತ ಗರ್ಭಿಣಿಗೆ ಒಪಿಯಾಯ್ಡ್ ಕೊಡುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2018ರ ತನ್ನ ಹೆರಿಗೆ ಮಾರ್ಗಸೂಚಿಯಲ್ಲಿ ಒಪ್ಪಿದೆ.

ಪೆತಿಡಿನ್‌ನ್ನು ಸಾಮಾನ್ಯವಾಗಿ 50ರಿಂದ 100 ಮಿಲಿಗ್ರಾಂ ಪ್ರಮಾಣದಲ್ಲಿ ಸ್ನಾಯುವಿಗೆ ಕೊಡುತ್ತಾರೆ. ಸುಮಾರು 20 ನಿಮಿಷಕ್ಕೆ ಹಿಡಿತ ಸಿಗುತ್ತದೆ, ಎರಡರಿಂದ ನಾಲ್ಕು ಗಂಟೆ ಉಳಿಯುತ್ತದೆ. ನೋವು ಪೂರ್ತಿ ಹೋಗುವುದಿಲ್ಲ, ಮತ್ತು ಇದನ್ನು ಮೊದಲೇ ತಿಳಿಸದಿರುವುದು ಗರ್ಭಿಣಿಗೆ ಮಾಡುವ ಅನ್ಯಾಯ ಎಂದೇ ನಾನು ಭಾವಿಸುತ್ತೇನೆ. ಹೆರಿಗೆ ಕೋಣೆಯಲ್ಲಿ ನಾನು ಕಂಡಿರುವುದು ಹೀಗೆ: ಎರಡು ನೋವಿನ ನಡುವೆ ಆಕೆ ಗೊರಕೆ ಬರುವಷ್ಟು ನಿದ್ದೆ ಹೋಗುತ್ತಾಳೆ, ಹೊಟ್ಟೆ ಬಿಗಿಯಾದೊಡನೆ ಕಣ್ಣು ತೆರೆದು ಮಂಚದ ಕಂಬಿ ಹಿಡಿಯುತ್ತಾಳೆ, ಬಿಗಿ ಸಡಿಲಿದರೆ ಹಿಡಿದ ಕೈ ತಾನಾಗಿ ಜಾರುತ್ತದೆ. ರಾತ್ರಿಯೆಲ್ಲ ನೋವು ತಿಂದು ದಣಿದವಳಿಗೆ ಆ ಎರಡು ಗಂಟೆಯ ಬಿಡುವು ಸಣ್ಣದೇನಲ್ಲ. ಹಲವರಿಗೆ ತಲೆಸುತ್ತು, ವಾಕರಿಕೆ ಇರುತ್ತದೆ; ಅದಕ್ಕೆಂದೇ ವಾಂತಿ ತಡೆಯುವ ಔಷಧವನ್ನೂ ಜೊತೆಗೆ ಕೊಡುವುದುಂಟು. ಮಂಪರಿನಲ್ಲಿ ಆಕೆಯನ್ನು ಒಬ್ಬಳೇ ಓಡಾಡಲು ಬಿಡಬಾರದು.

ಇನ್ನು ಮಗುವಿನ ವಿಷಯ. ಈ ಔಷಧ ತಾಯಿಯ ರಕ್ತದಿಂದ ಮಾಸನ್ನು ದಾಟಿ ಮಗುವಿಗೂ ತಲುಪುತ್ತದೆ. ಪೆತಿಡಿನ್ ಕೊಟ್ಟ ಎರಡು ಮೂರು ಗಂಟೆಗಳ ಆಸುಪಾಸಿನಲ್ಲಿ ಹುಟ್ಟಿದ ಮಗುವಿನಲ್ಲಿ ಉಸಿರಾಟ ಮಂದವಾಗುವ ಸಾಧ್ಯತೆ ಹೆಚ್ಚು. ಅಳು ತಡವಾಗುವುದು ಈ ಕಾರಣದಿಂದಲೇ. ಆದ್ದರಿಂದ ಹೆರಿಗೆ ಹತ್ತಿರವಾದಾಗ ಇದನ್ನು ಕೊಡುವುದನ್ನು ವೈದ್ಯರು ತಪ್ಪಿಸುತ್ತಾರೆ, ಕೊಡುವ ಮುನ್ನ ಗರ್ಭಕೋಶದ ಬಾಯಿ ಎಷ್ಟು ತೆರೆದಿದೆ ಎಂದು ಪರೀಕ್ಷಿಸುತ್ತಾರೆ. ಆದರೂ ಹೆರಿಗೆ ಅಂದಾಜಿಗಿಂತ ಬೇಗ ಆಗಬಹುದು. ಆಗ ಮಗುವಿಗೆ ಬ್ಯಾಗ್ ಮತ್ತು ಮಾಸ್ಕ್‌ನಿಂದ ಉಸಿರು ಕೊಡಬೇಕಾಗಬಹುದು, ಅಗತ್ಯವಿದ್ದರೆ ನಲೊಕ್ಸೋನ್ ಎಂಬ ಪ್ರತಿಔಷಧವೂ ಇದೆ. ಸಿದ್ಧತೆಯಿರುವ ಕೈಗಳಿದ್ದರೆ ಇದು ನಿಭಾಯಿಸಬಹುದಾದ ತೊಂದರೆ. ಅಂಥವರು ಇಲ್ಲದ ಕಡೆ ಈ ಇಂಜೆಕ್ಷನ್ ಬೇಡ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಹಾಗಾಗಿ ನೋವು ಶುರುವಾಗುವ ಮೊದಲೇ, ತಾಯಿ ಕಾರ್ಡ್ ಹಿಡಿದು ತಪಾಸಣೆಗೆ ಹೋದಾಗಲೇ ಕೇಳಿಕೊಳ್ಳಿ: ನೀವು ಕೊಡುವ ಔಷಧ ಯಾವುದು, ಹೆರಿಗೆಯ ಹೊತ್ತಿಗೆ ಮಗುವಿಗೆ ಉಸಿರು ಕೊಡಬಲ್ಲವರು ಇರುತ್ತಾರೆಯೇ, ಎಪಿಡ್ಯೂರಲ್ (ಬೆನ್ನಿನ ಮೂಲಕ ಮದ್ದು ಬಿಟ್ಟು ನೋವು ತಗ್ಗಿಸುವ ವಿಧಾನ) ಸೌಲಭ್ಯ ಇದೆಯೇ? ತಂಗಿಗೆ ಉಬ್ಬಸ ಅಥವಾ ಫಿಟ್ಸ್ ಇದ್ದರೆ, ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮುಚ್ಚಿಡದೆ ಹೇಳಬೇಕು, ಏಕೆಂದರೆ ಈ ಮದ್ದುಗಳ ಜೊತೆ ಅವು ಸರಿಹೊಂದದೆ ಇರಬಹುದು.

ಪೆತಿಡಿನ್‌ನಿಂದ ಉಂಟಾಗುವ ಅಂಶವೊಂದು ಮಗುವಿನ ಮೈಯಲ್ಲಿ ಕೆಲವು ದಿನ ಉಳಿಯುತ್ತದೆ. ಅದರಿಂದ ಮಗು ತೂಕಡಿಸುತ್ತ ಮೊಲೆ ಹಿಡಿಯಲು ತಡಮಾಡಬಹುದು. ‘ಹಾಲೇ ಇಲ್ಲ’ ಎಂದು ಬಾಟಲಿಗೆ ಕೈಹಾಕದೆ, ಮಗುವನ್ನು ತಾಯಿಯ ಎದೆಗೆ ಮೈಗೆ ಮೈ ತಾಗುವಂತೆ ಮಲಗಿಸಿ, ಪಾದ ಮೆಲ್ಲಗೆ ಉಜ್ಜಿ ಎಬ್ಬಿಸಿ, ಎರಡು ಮೂರು ಗಂಟೆಗೊಮ್ಮೆ ಹಾಲೂಡಿಸಲು ನರ್ಸ್ ನೆರವು ಕೇಳಿ. ಎಬ್ಬಿಸಿದರೂ ಏಳದಿದ್ದರೆ ಅಥವಾ ಉಸಿರು ನಿಂತು ನಿಂತು ಬರುತ್ತಿದ್ದರೆ ಕೂಡಲೇ ವೈದ್ಯರನ್ನು ಕರೆಯಿರಿ.